ಝ್ಯಾಬಿಕ್ಸ್‌ನ ಅಲಾರಂ ರ‍್ಯಾಬಿಟ್‌ಎಂಕ್ಯೂ ಮೂಲಕ ಕಳಿಸುವಾಗ ಕೆಲವು ಕಾಣೆಯಾಗ್ತವೆ, ಕೆಲವು ತಲೆಕೆಳಗಾಗಿ ಬರ್ತವೆ. ಸರಿಯಾದ ಜೋಡಣೆ ಹೇಗೆ?

ಕುಂಬಳೆ_ನೆಟ್:

ಒಂದು ಸಹಕಾರಿ ಬ್ಯಾಂಕಿನ ನೆಟ್‌ವರ್ಕ್ ಇದು. ಮುಖ್ಯ ಕಚೇರಿ ಕಾಸರಗೋಡು. ಶಾಖೆಗಳು ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ. ಒಂದೊಂದು ಶಾಖೆಯಲ್ಲಿ ರೂಟರ್ ಒಂದು, ಸ್ವಿಚ್ ಒಂದೆರಡು, ಎಸ್‌ಎನ್‌ಎಂಪಿ (ಸಾಧನದ ಸ್ಥಿತಿಯನ್ನು ನೆಟ್‌ವರ್ಕ್ ಮೂಲಕ ತಿಳಿಸುವ ವಿಧಾನ) ಕಾರ್ಡು ಹಾಕಿದ ಯುಪಿಎಸ್ ಒಂದು. ಲೈನು ಫೈಬರ್, ಅದು ಹೋದರೆ 4ಜಿ. ಎಲ್ಲವನ್ನೂ ಗಮನಿಸುವುದು ಮುಖ್ಯ ಕಚೇರಿಯ ಝ್ಯಾಬಿಕ್ಸ್ 7.0. ಬ್ಯಾಂಕಿನ ಬೇರೆ ಸಾಫ್ಟ್‌ವೇರುಗಳ ನಡುವೆ ಸಂದೇಶ ಸಾಗಿಸಲು ರ‍್ಯಾಬಿಟ್‌ಎಂಕ್ಯೂ 3.12 ಮೊದಲೇ ಉಂಟು. ಎರಡು ನೋಡ್ (ಸರ್ವರ್), ಮಿರರ್ಡ್ ಕ್ಯೂ (ಸಂದೇಶಗಳ ಸಾಲು, ಅದರ ಪ್ರತಿ ಎರಡರಲ್ಲೂ).

ನೆಟ್‌ವರ್ಕಿನ ಅಲಾರಮ್ಮುಗಳೂ ಅದೇ ದಾರಿಯಲ್ಲಿ ಹೋಗಬೇಕು, ಟಿಕೆಟ್ ಸಿಸ್ಟಂ, ಎಸ್‌ಎಂಎಸ್ ಪ್ರೋಗ್ರಾಂ, ಡ್ಯಾಶ್‌ಬೋರ್ಡ್ ಮೂರೂ ಅಲ್ಲಿಂದಲೇ ಓದಬೇಕು ಅಂತ ತೀರ್ಮಾನ. ಈಗಿನ ಜೋಡಣೆ ಹೀಗೆ: ಝ್ಯಾಬಿಕ್ಸ್‌ನ ವೆಬ್‌ಹುಕ್ (ಅಲಾರಂ ಬಂದಾಗ ತಾನೇ ಓಡುವ ಸ್ಕ್ರಿಪ್ಟ್) ನೇರವಾಗಿ ರ‍್ಯಾಬಿಟ್‌ನ 15672 ಪೋರ್ಟಿನ ಎಚ್‌ಟಿಟಿಪಿ ಎಪಿಐಗೆ ಪಬ್ಲಿಷ್ ಮಾಡ್ತದೆ. ರೌಟಿಂಗ್ ಕೀಯಲ್ಲಿ (ಸಂದೇಶ ಯಾವ ಕ್ಯೂಗೆ ಅಂತ ತೀರ್ಮಾನಿಸುವ ಗುರುತು) ಅಲಾರಂನ ತೀವ್ರತೆ ಇರ್ತದೆ. ಕ್ಯೂ ಒಂದೇ, ಮೂರೂ ಪ್ರೋಗ್ರಾಂಗಳು ಅದನ್ನೇ ಓದ್ತವೆ.

ತೊಂದರೆಗಳು: ಸಂಜೆ ಗುಡುಗು ಮಳೆಗೆ ಕರೆಂಟು ಹೋದಾಗ ಒಟ್ಟಿಗೆ ಅಲಾರಂ ಬರುವ ಹೊತ್ತಿಗೆ ಕೆಲವು ಎಲ್ಲಿಗೂ ತಲುಪುವುದಿಲ್ಲ, ಆದರೆ ಝ್ಯಾಬಿಕ್ಸ್‌ನಲ್ಲಿ ‘ಕಳಿಸಿದೆ’ ಅಂತಲೇ ಇರ್ತದೆ. ಟಿಕೆಟ್ ಸಿಸ್ಟಂಗೆ ಸಾಮಾನ್ಯ ದಿನಗಳಲ್ಲೂ ಎಲ್ಲ ಅಲಾರಂ ಸಿಗುವುದಿಲ್ಲ. ‘ಸರಿಯಾಯ್ತು’ ಎಂಬ ಸಂದೇಶ ಕೆಲವು ಸಲ ‘ಹಾಳಾಯ್ತು’ ಎಂಬುದಕ್ಕಿಂತ ಮೊದಲು ಬರ್ತದೆ. ಯುಪಿಎಸ್ ಬ್ಯಾಟರಿಗೆ ಹೋದರೆ ನಿಮಿಷಕ್ಕೊಂದು ಎಸ್‌ಎಂಎಸ್. ಯಾವುದನ್ನು ಎಲ್ಲಿ ಸರಿಮಾಡಬೇಕು?

ಬದಿಯಡ್ಕ_ಪ್ಯಾಕೆಟ್:

ನಾಲ್ಕಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ಒಂದೇ ಮದ್ದಿನಿಂದ ಗುಣಮಾಡಲು ಹೋಗಬೇಡಿ.

ಟಿಕೆಟ್ ಸಿಸ್ಟಂಗೆ ಪೂರ್ತಿ ಸಿಗದಿರುವುದು ತುಂಬ ಸುಲಭದ್ದು. ಒಂದು ಕ್ಯೂವನ್ನು ಮೂರು ಪ್ರೋಗ್ರಾಂಗಳು ಓದಿದರೆ ರ‍್ಯಾಬಿಟ್ ಸಂದೇಶಗಳನ್ನು ಮೂವರಿಗೆ ಹಂಚ್ತದೆ. ಪ್ರತಿಯೊಬ್ಬರಿಗೂ ಪ್ರತಿ ಕೊಡುವುದಿಲ್ಲ. ಒಂದು ಟಾಪಿಕ್ ಎಕ್ಸ್‌ಚೇಂಜ್ (ಕೀ ನೋಡಿ ಕ್ಯೂಗಳಿಗೆ ಹಂಚುವ ಜಾಗ) ಮಾಡಿ, ಅದಕ್ಕೆ ಮೂರು ಪ್ರತ್ಯೇಕ ಕ್ಯೂ ಬೈಂಡ್ ಮಾಡಿ (ಜೋಡಿಸಿ), ಪ್ರತಿ ಪ್ರೋಗ್ರಾಂಗೆ ಅದರದ್ದೇ ಕ್ಯೂ. ಇದನ್ನು ಇವತ್ತೇ ಮಾಡಬಹುದು.

ಕಾಣೆಯಾಗುವುದಕ್ಕೆ ಮೂರು ತೂತು ಉಂಟು, ಮೂರನ್ನೂ ಪರಿಶೀಲಿಸಿ. ಮೊದಲನೆಯದು: ಎಚ್‌ಟಿಟಿಪಿ ಎಪಿಐ 200 ಕೊಟ್ಟ ಮಾತ್ರಕ್ಕೆ ಸಂದೇಶ ಕ್ಯೂ ಸೇರಿದೆ ಅಂತ ಅರ್ಥ ಅಲ್ಲ. ಉತ್ತರದ ಒಳಗೆ ‘ರೂಟೆಡ್’ ಎಂಬ ಒಂದು ಫೀಲ್ಡ್ ಇರ್ತದೆ. ರೌಟಿಂಗ್ ಕೀಗೆ ಹೊಂದುವ ಬೈಂಡಿಂಗ್ ಇಲ್ಲದಿದ್ದರೆ ಅದು ಫಾಲ್ಸ್ ಆಗ್ತದೆ, ಸಂದೇಶ ಅಲ್ಲೇ ಬಿದ್ದುಹೋಗ್ತದೆ, ಆದರೂ ಕೋಡ್ 200. ನೀವು ಕೀಯಲ್ಲಿ ತೀವ್ರತೆ ಹಾಕಿದ್ದೀರಿ. ಝ್ಯಾಬಿಕ್ಸ್‌ನಲ್ಲಿ ಆರು ಮಟ್ಟ ಉಂಟು. ಆರಕ್ಕೂ ಬೈಂಡಿಂಗ್ ಉಂಟಾ, ದೊಡ್ಡಕ್ಷರ ಸಣ್ಣಕ್ಷರ ಎರಡೂ ಕಡೆ ಒಂದೇ ರೀತಿ ಉಂಟಾ ನೋಡಿ. ಮಟ್ಟದ ಹೆಸರಿನ ಬದಲು 0ರಿಂದ 5ರ ಅಂಕೆಯನ್ನೇ ಹಾಕಿದರೆ ಈ ಗೋಜು ಇಲ್ಲ.

ಎರಡನೆಯದು: ಎಪಿಐಗೆ ಕಳಿಸುವಾಗ ಪ್ರಾಪರ್ಟೀಸ್ ಖಾಲಿ ಬಿಟ್ಟರೆ ಸಂದೇಶ ಪರ್ಸಿಸ್ಟೆಂಟ್ (ರೀಸ್ಟಾರ್ಟ್ ಆದರೂ ಉಳಿಯುವಂಥದ್ದು) ಆಗುವುದಿಲ್ಲ. ಕ್ಲಾಸಿಕ್ ಕ್ಯೂ ಡ್ಯೂರಬಲ್ ಆಗಿದ್ದರೂ ಒಳಗಿನ ಸಂದೇಶ ಡ್ಯೂರಬಲ್ ಅಲ್ಲ. ಬ್ರೋಕರ್ (ಸಂದೇಶ ಸಾಗಿಸುವ ಸರ್ವರ್, ಇಲ್ಲಿ ರ‍್ಯಾಬಿಟ್) ರೀಸ್ಟಾರ್ಟ್ ಆದರೆ ಹೋಯ್ತು. ಡೆಲಿವರಿ ಮೋಡ್ 2 ಅಂತ ಕಡ್ಡಾಯವಾಗಿ ಹಾಕಬೇಕು. ಮುಖ್ಯ ಕಚೇರಿಯಲ್ಲೂ ಅದೇ ಹೊತ್ತಿಗೆ ಕರೆಂಟು ಹೋಗಿ ಸರ್ವರ್ ಎದ್ದು ಬಂದಿದ್ದರೆ ನಿಮ್ಮ ‘ಕಳಿಸಿದೆ ಆದರೆ ಇಲ್ಲ’ ಎಂಬುದಕ್ಕೆ ಇದೇ ಉತ್ತರ ಆಗಿರಬಹುದು.

ಮೂರನೆಯದು: ಝ್ಯಾಬಿಕ್ಸ್‌ನ ಮೀಡಿಯಾ ಟೈಪಿನಲ್ಲಿ (ಅಲಾರಂ ಕಳಿಸುವ ದಾರಿಯ ಸೆಟ್ಟಿಂಗ್) ಪ್ರಯತ್ನ ಡೀಫಾಲ್ಟಾಗಿ 3 ಸಲ, ನಡುವೆ 10 ಸೆಕೆಂಡು. ಅಂದರೆ ಬ್ರೋಕರ್ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಸಿಗದಿದ್ದರೆ ಆ ಅಲಾರಮ್ಮಿನ ಕತೆ ಮುಗಿದ ಹಾಗೆ. ಪ್ರಯತ್ನವನ್ನು 100ರ ತನಕ, ಅಂತರವನ್ನು 1 ಗಂಟೆಯ ತನಕ ಏರಿಸಲು ಬಿಡ್ತದೆ. ಆದರೂ ಇದನ್ನೇ ನಂಬಿ ಕೂರುವುದು ಸರಿ ಅಲ್ಲ, ಸರಿಯಾದ ದಾರಿ ಕೆಳಗೆ ಹೇಳಿದ್ದೇನೆ.

ತಲೆಕೆಳಗಾಗಿ ಬರುವುದಕ್ಕೆ: ಅದೇ ಮೀಡಿಯಾ ಟೈಪಿನಲ್ಲಿ ‘ಕನ್‌ಕರೆಂಟ್ ಸೆಷನ್ಸ್’ ಅಂತ ಉಂಟು. ಡೀಫಾಲ್ಟ್ ‘ಒನ್’. ವೇಗ ಬೇಕು ಅಂತ ಯಾರಾದರೂ ‘ಅನ್‌ಲಿಮಿಟೆಡ್’ ಮಾಡಿದ್ದರೆ ಒಂದೇ ಸಾಧನದ ಎರಡು ಸಂದೇಶ ಎರಡು ದಾರಿಯಲ್ಲಿ ಓಡ್ತವೆ. ಯಾವುದು ಮೊದಲು ಮುಟ್ಟುತ್ತದೆ ಅಂತ ಹೇಳುವ ಹಾಗಿಲ್ಲ. ‘ಒನ್’ಗೆ ವಾಪಸ್ ತನ್ನಿ. ಆರು ಶಾಖೆಗೆ ಅದು ಧಾರಾಳ ಸಾಕು.

ಈಗ ಸರಿಯಾದ ದಾರಿ. ಝ್ಯಾಬಿಕ್ಸ್ ಮತ್ತು ರ‍್ಯಾಬಿಟ್ ನಡುವೆ ಒಂದು ಸಣ್ಣ ಸೇತುವೆ ಪ್ರೋಗ್ರಾಂ ಬೇಕು. ಝ್ಯಾಬಿಕ್ಸ್ ಸರ್ವರಿನಲ್ಲೇ ಓಡಲಿ, ಲೋಕಲ್‌ಹೋಸ್ಟಿನಲ್ಲಿ ಮಾತ್ರ ಕೇಳಲಿ. ವೆಬ್‌ಹುಕ್ ಅದಕ್ಕೆ ಸಂದೇಶ ಕೊಡ್ತದೆ. ಸೇತುವೆ ಅದನ್ನು ಮೊದಲು ಎಸ್‌ಕ್ಯೂಲೈಟ್ ಟೇಬಲ್ಲಿಗೆ ಬರೆದು ಕಮಿಟ್ ಮಾಡಿ, ಆಮೇಲೆ ಮಾತ್ರ 200 ಕೊಡ್ತದೆ. ಇನ್ನೊಂದು ಥ್ರೆಡ್ ಟೇಬಲ್ಲಿನಿಂದ ಕ್ರಮವಾಗಿ ಒಂದೊಂದೇ ಸಾಲು ತೆಗೆದು, ಎಎಂಕ್ಯೂಪಿಯ (ರ‍್ಯಾಬಿಟ್ ಜೊತೆ ಮಾತಾಡುವ ಪ್ರೋಟೋಕಾಲ್) ಒಂದೇ ಖಾಯಂ ಕನೆಕ್ಷನ್ ಮೂಲಕ, ಪಬ್ಲಿಷರ್ ಕನ್ಫರ್ಮ್ ಹಾಕಿ, ಮ್ಯಾಂಡೇಟರಿ ಫ್ಲ್ಯಾಗ್ ಹಾಕಿ ಕಳಿಸ್ತದೆ. ಬ್ರೋಕರಿನಿಂದ ಆಕ್ (ಸಿಕ್ಕಿತು ಎಂಬ ಉತ್ತರ) ಬಂದ ಮೇಲೆ ಮಾತ್ರ ಸಾಲು ಅಳಿಸುವುದು. ನ್ಯಾಕ್ (ತೆಗೆದುಕೊಳ್ಳಲಿಲ್ಲ ಎಂಬ ಉತ್ತರ) ಬಂದರೆ, ಕನೆಕ್ಷನ್ ಬಿದ್ದರೆ ಸಾಲು ಅಲ್ಲೇ ಇರ್ತದೆ, ಸ್ವಲ್ಪ ಹೊತ್ತು ಬಿಟ್ಟು ಪುನಃ ಕಳಿಸುವುದು. ಮ್ಯಾಂಡೇಟರಿ ಹಾಕಿದ ಕಾರಣ ರೌಟ್ ಆಗದ ಸಂದೇಶ ವಾಪಸ್ ಬರ್ತದೆ. ಒಂದು ವಿಷಯ ಗಮನಿಸಿ: ರೌಟ್ ಆಗದ ಸಂದೇಶಕ್ಕೆ ಬ್ರೋಕರ್ ಮೊದಲು ರಿಟರ್ನ್ ಕಳಿಸಿ ಆಮೇಲೆ ಆಕ್ ಕೂಡಾ ಕಳಿಸ್ತದೆ. ಆಕ್ ಬಂತು ಅಂತ ಸಾಲು ಅಳಿಸುವ ಮೊದಲು ರಿಟರ್ನ್ ಬಂದಿತ್ತಾ ಅಂತ ನೋಡಲೇಬೇಕು. ಸೇತುವೆ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಯುಪಿಎಸ್‌ನ ನಿಮಿಷಕ್ಕೊಂದು ಸಂದೇಶ ಹಾಳಲ್ಲ, ಅದು ಸ್ಟ್ಯಾಂಡರ್ಡಿನಲ್ಲೇ ಹಾಗೆ ಬರೆದಿರುವುದು. ಯುಪಿಎಸ್ ಎಂಐಬಿಯ (ಸಾಧನದ ಮಾಹಿತಿಗೆ ಸಂಖ್ಯೆ ಕೊಟ್ಟ ಪಟ್ಟಿ) 1.3.6.1.2.1.33.2.1 ಟ್ರ್ಯಾಪ್ (ಸಾಧನ ತಾನಾಗಿ ಕಳಿಸುವ ಸುದ್ದಿ) ಬ್ಯಾಟರಿಯಲ್ಲಿ ಇರುವಷ್ಟು ಹೊತ್ತೂ ನಿಮಿಷಕ್ಕೊಮ್ಮೆ ಪುನಃ ಬರ್ತದೆ. ಅರ್ಧ ಗಂಟೆ ಕರೆಂಟು ಇಲ್ಲದಿದ್ದರೆ ಆರು ಶಾಖೆಯಿಂದ 180. ಆ ಟ್ರಿಗರಿನಲ್ಲಿ ಪ್ರಾಬ್ಲಂ ಈವೆಂಟ್ ಉತ್ಪತ್ತಿ ‘ಮಲ್ಟಿಪಲ್’ ಇದ್ದರೆ ‘ಸಿಂಗಲ್’ ಮಾಡಿ. ಅದಕ್ಕಿಂತ ಒಳ್ಳೆಯದು, ಟ್ರ್ಯಾಪನ್ನು ಸೂಚನೆ ಅಂತ ಮಾತ್ರ ಇಟ್ಟುಕೊಂಡು, ನಿಜವಾದ ಸ್ಥಿತಿಯನ್ನು 1.3.6.1.2.1.33.1.4.1.0ರಿಂದ 30 ಸೆಕೆಂಡಿಗೊಮ್ಮೆ ಕೇಳಿ ತಿಳಿದುಕೊಳ್ಳುವುದು. ಉತ್ತರ 3 ಬಂದರೆ ಸಾಮಾನ್ಯ, 5 ಬಂದರೆ ಬ್ಯಾಟರಿ. ಎಷ್ಟು ನಿಮಿಷ ಉಳಿದಿದೆ ಎಂಬುದು 33.1.2.3ರಲ್ಲಿ ಸಿಗ್ತದೆ. ಕಂಪೆನಿಯ ಸ್ವಂತ ಎಂಐಬಿ ಮಾತ್ರ ಇರುವ ಕಾರ್ಡಾದರೆ ಈ ಸಂಖ್ಯೆಗಳಿಗೆ ಉತ್ತರ ಬರುವುದಿಲ್ಲ, ಮೊದಲು ಎಸ್‌ಎನ್‌ಎಂಪಿವಾಕ್ (ಕಾರ್ಡು ಯಾವ ಸಂಖ್ಯೆಗೆ ಉತ್ತರ ಕೊಡ್ತದೆ ಅಂತ ಪಟ್ಟಿಮಾಡುವ ಕಮಾಂಡ್) ಮಾಡಿ ನೋಡಿ.

ಅಕ್ಕಲಕೋಟ_ಕ್ಯೂ:

ಮೇಲಿನವರು ಸೇತುವೆ ಬಗ್ಗೆ ಹೇಳಿದ್ದು ಖರೇ ಅದ. ಬ್ರೋಕರ್ ಕಡೀದು ನಾ ಹೇಳ್ತೀನ್ರಿ.

ಎರಡು ನೋಡ್ ಅನ್ನೋದೇ ಮೊದಲು ಬಿಡ್ರಿ. ಕ್ಲಾಸಿಕ್ ಮಿರರ್ಡ್ ಕ್ಯೂ ರ‍್ಯಾಬಿಟ್ 4.0ದಾಗ ತೆಗೆದೇ ಹಾಕ್ಯಾರ. ಇವತ್ತಲ್ಲ ನಾಳೆ ಅಪ್‌ಗ್ರೇಡ್ ಮಾಡೂದು ಇದ್ದೇ ಇರತದ, ಈಗಲೇ ಕೋರಂ ಕ್ಯೂಗೆ ಬರ್ರಿ. ಕೋರಂ ಕ್ಯೂ ಬಹುಮತದ ಮ್ಯಾಲೆ ನಡೀತದ. ಎರಡು ನೋಡ್ ಇದ್ದು ಒಂದು ಹೋತಂದ್ರ ಬಹುಮತ ಇಲ್ಲ, ಕ್ಯೂ ನಿಲ್ತದ. ಮೂರು ನೋಡ್ ಬೇಕ್ರಿ. ಮೂರನೇದು ದೊಡ್ಡ ಮಷೀನ್ ಆಗಬೇಕಂತಿಲ್ಲ, ಆದರ ಡಿಸ್ಕ್ ಮಾತ್ರ ಎಸ್‌ಎಸ್‌ಡಿ ಇರಲಿ, ಯಾಕಂದ್ರ ಕೋರಂ ಕ್ಯೂ ಪ್ರತಿ ಸಂದೇಶಾನೂ ಡಿಸ್ಕಿಗೆ ಬರೀತದ. ಮೂರೂ ಮುಖ್ಯ ಕಚೇರಿಯ ಲ್ಯಾನಿನಾಗೇ ಇರಬೇಕು. ಒಂದು ನೋಡ್ ಕಾಸರಗೋಡಿನಾಗ, ಒಂದು ಮಂಜೇಶ್ವರದಾಗ ಅಂತ ಶಾಖೆಗಳ ನಡುವ ಕ್ಲಸ್ಟರ್ ಹರಡಬ್ಯಾಡ್ರಿ, ಲೈನ್ ಕಡಿದಾಗೆಲ್ಲ ಕ್ಲಸ್ಟರ್ ಒಡೀತದ.

ಕ್ಯೂ ಮಾಡುವಾಗ ಟೈಪ್ ಕೋರಂ ಅಂತ ಹೇಳಿಯೇ ಮಾಡ್ರಿ. ಇದ್ದ ಕ್ಲಾಸಿಕ್ ಕ್ಯೂವಿನ ಟೈಪ್ ಬದಲಾಯಿಸಲಿಕ್ಕೆ ಆಗೂದಿಲ್ಲ. ಹೊಸ ಹೆಸರಿನ ಕ್ಯೂ ಮಾಡಿ, ಬೈಂಡ್ ಮಾಡಿ, ಹಳೇದು ಖಾಲಿ ಆದ ಮ್ಯಾಲೆ ಅಳಿಸೂದು.

ಮೂರು ಕ್ಯೂಗೂ ಒಂದೇ ನಿಯಮ ಹಾಕಬ್ಯಾಡ್ರಿ, ಮೂರರ ಕೆಲಸ ಬ್ಯಾರೆ ಅದ. ಎಸ್‌ಎಂಎಸ್ ಕ್ಯೂಗೆ ಟಿಟಿಎಲ್ (ಸಂದೇಶದ ಆಯುಷ್ಯ) 9,00,000 ಮಿಲಿಸೆಕೆಂಡ್, ಅಂದ್ರ 15 ನಿಮಿಷ. ರಾತ್ರಿ 2ಕ್ಕ ಹೋದ ಲಿಂಕಿನ ಎಸ್‌ಎಂಎಸ್ ಮುಂಜಾನೆ 8ಕ್ಕ ಬಂದ್ರ ಯಾರಿಗೂ ಉಪಯೋಗಿಲ್ಲ, ಗೊಂದಲ ಅಷ್ಟೇ. ಟಿಕೆಟ್ ಕ್ಯೂಗೆ ಟಿಟಿಎಲ್ ಬ್ಯಾಡ, ಅದು ದಾಖಲೆ. ಡ್ಯಾಶ್‌ಬೋರ್ಡ್ ಕ್ಯೂಗೆ ಗರಿಷ್ಠ ಉದ್ದ 5,000 ಇಟ್ಟು ಓವರ್‌ಫ್ಲೋ ‘ಡ್ರಾಪ್-ಹೆಡ್’ ಮಾಡ್ರಿ, ಹಳೇವು ಬೀಳಲಿ. ಇಲ್ಲಿ ‘ರಿಜೆಕ್ಟ್-ಪಬ್ಲಿಷ್’ ಹಾಕಿದ್ರ ಏನಾಗತದ ಹೇಳ್ತೀನಿ: ಡ್ಯಾಶ್‌ಬೋರ್ಡ್ ಬಂದ್ ಬಿದ್ದು ಅದರ ಕ್ಯೂ ತುಂಬ್ತು ಅಂತಿಟ್ಕೋರಿ. ಒಂದು ಕ್ಯೂ ಬ್ಯಾಡ ಅಂದ್ರೂ ಇಡೀ ಸಂದೇಶಕ್ಕ ನ್ಯಾಕ್ ಬರತದ, ಉಳಿದ ಎರಡು ಕ್ಯೂ ಆಗಲೇ ಅದನ್ನ ತಗೊಂಡಿರತಾವ. ಸೇತುವೆ ನ್ಯಾಕ್ ನೋಡಿ ಮತ್ತ ಕಳಿಸ್ತದ, ಟಿಕೆಟ್ ಸಿಸ್ಟಂಗೆ ಅದೇ ಅಲಾರಂ ಸಾಲು ಸಾಲು. ಪರದೆ ಕೆಟ್ಟರ ದೂರು ಡಬಲ್ ಆಗೂದು ಹಿಂಗ.

ಓದುವವರ ಕಡೆ: ಆಟೋ ಆಕ್ ಬ್ಯಾಡ, ಕೆಲಸ ಮುಗಿದ ಮ್ಯಾಲೆ ಆಕ್. ಪ್ರೀಫೆಚ್ (ಆಕ್ ಕೊಡೂಕಿಂತ ಮೊದಲ ಎಷ್ಟು ಸಂದೇಶ ತಗೊಳ್ಳೂದು) ಟಿಕೆಟ್‌ಗೆ 1 ಇಟ್ರ ಕ್ರಮ ತಪ್ಪೂದಿಲ್ಲ. ಕೆಟ್ಟ ಸಂದೇಶ ಬಂದು ಪ್ರೋಗ್ರಾಂ ಸತ್ತು ಎದ್ದು ಮತ್ತ ಅದನ್ನೇ ಓದಿ ಸಾಯೂ ಪರಿಸ್ಥಿತಿ ತಪ್ಪಿಸಲಿಕ್ಕೆ ಡೆಲಿವರಿ ಲಿಮಿಟ್ 5 ಹಾಕ್ರಿ, ಜೊತೀಗೆ ಡೆಡ್ ಲೆಟರ್ ಎಕ್ಸ್‌ಚೇಂಜ್ (ಕೈಬಿಟ್ಟ ಸಂದೇಶ ಹೋಗೂ ಜಾಗ) ಕೊಟ್ಟು ಒಂದು ಕ್ಯೂ ಕಟ್ರಿ. ಡೆಡ್ ಲೆಟರ್ ಕೊಡದ ಲಿಮಿಟ್ ಅಷ್ಟೇ ಹಾಕಿದ್ರ ಸಂದೇಶ ಗಪ್ ಚುಪ್ ಹೋಗಿಬಿಡ್ತದ. ಆ ಕ್ಯೂದಾಗ ಒಂದು ಸಂದೇಶ ಇದ್ದರೂ ಅಲಾರಂ ಆಗಬೇಕು.

ಎರಡು ಸಲ ಬರೂದು ಪೂರ್ತಿ ತಪ್ಪಿಸಲಿಕ್ಕೆ ಆಗೂದಿಲ್ರಿ. ಆಕ್ ದಾರಿಯಾಗ ಕಳೆದ್ರ ಸೇತುವೆ ಮತ್ತ ಕಳಸೂದೇ. ಆದ್ದರಿಂದ ಓದುವವರೇ ಗುರುತು ಹಿಡೀಬೇಕು. ಝ್ಯಾಬಿಕ್ಸ್ ಈವೆಂಟ್ ಐಡಿ ಮತ್ತ ಈವೆಂಟ್ ವ್ಯಾಲ್ಯೂ ಕೂಡಿಸಿ ಮೆಸೇಜ್ ಐಡಿ ಮಾಡ್ರಿ: ವ್ಯಾಲ್ಯೂ 1 ಅಂದ್ರ ಹಾಳು, 0 ಅಂದ್ರ ಸರಿಯಾತು. ಸರಿಯಾದಾಗ ಬರೂ ಸಂದೇಶದಾಗೂ ಈವೆಂಟ್ ಐಡಿ ಮೊದಲಿನದ್ದೇ ಇರತದ, ಅದಕ್ಕ ಎರಡನ್ನೂ ಜೋಡಸೂದು ಸುಲಭ. ಟಿಕೆಟ್ ಟೇಬಲ್ಲಿನಾಗ ಈ ಮೆಸೇಜ್ ಐಡಿಗೆ ಯುನೀಕ್ ಇಂಡೆಕ್ಸ್ ಹಾಕಿ ಇನ್ಸರ್ಟ್ ಮಾಡ್ರಿ. ಇನ್ಸರ್ಟ್ ಆಗಲಿಲ್ಲಂದ್ರ ಹಳೇದು, ಆಕ್ ಕೊಟ್ಟು ಬಿಟ್ಟುಬಿಡೂದು. ‘ಸರಿಯಾತು’ ಮೊದಲ ಬಂದ್ರೂ ಇದೇ ಟೇಬಲ್ಲಿನಾಗ ಇಟ್ಟುಕೊಂಡು, ಆಮ್ಯಾಲೆ ‘ಹಾಳು’ ಬಂದಾಗ ಮುಚ್ಚಿದ ಟಿಕೆಟ್ಟಂತ ಬರಕೊಂಡ್ರಾತು.

ಇನ್ನೊಂದು. ಡಿಸ್ಕ್‌ನಾಗ ಖಾಲಿ ಜಾಗ ಕನಿಷ್ಠ ಮಿತಿಗೆ ಇಳೀತಂದ್ರ ರ‍್ಯಾಬಿಟ್ ಪಬ್ಲಿಷ್ ಮಾಡೋ ಕನೆಕ್ಷನ್‌ಗಳನ್ನ ತಡೀತದ. ಡೀಫಾಲ್ಟ್ ಮಿತಿ ಬರೇ 50 ಎಂಬಿ, ಅಷ್ಟರಾಗ ಕಟ್ಟಿಕೊಳ್ಳಬ್ಯಾಡ್ರಿ, 2 ಜಿಬಿಯರೆ ಇಡ್ರಿ. ಒಂದೇ ಕನೆಕ್ಷನ್‌ನಾಗ ಕಳಸೂದು ಓದೂದು ಎರಡೂ ಮಾಡಿದ್ರ ತಡೆದಾಗ ಓದೂ ಕಡೆಯ ಆಕ್ ಸೈತ ನಿಲ್ತಾವ. ಕಳಸಲಿಕ್ಕೆ ಒಂದು, ಓದಲಿಕ್ಕೆ ಒಂದು.

ಕುಂಬಳೆ_ನೆಟ್:

ಇಬ್ಬರಿಗೂ ಉಪಕಾರ ಆಯ್ತು. ‘ರೂಟೆಡ್’ ನೋಡಿದೆ: ತೀವ್ರತೆಯ ಕೊನೆಯ ಎರಡು ಮಟ್ಟಕ್ಕೆ ಬೈಂಡಿಂಗೇ ಇಲ್ಲ. ಕನ್‌ಕರೆಂಟ್ ಸೆಷನ್ಸ್ ಕೂಡಾ ಅನ್‌ಲಿಮಿಟೆಡ್ ಇತ್ತು.

ಇನ್ನು ಮೂರು ಸಂಶಯ. ಶಾಖೆಯ ಫೈಬರ್ ಕಡಿದಾಗ ಆ ಲಿಂಕಿನ ಟ್ರ್ಯಾಪೇ ಬರುವುದಿಲ್ಲ, ಎಂತ ಮಾಡುವುದು? 4ಜಿಗೆ ಹೋದಾಗ ಟ್ರ್ಯಾಪ್ ಗೊತ್ತಿಲ್ಲದ ಐಪಿಯಿಂದ ಬರ್ತದೆ, ಝ್ಯಾಬಿಕ್ಸ್ ಯಾವ ಹೋಸ್ಟ್ ಅಂತ ಗುರುತು ಹಿಡಿಯುವುದಿಲ್ಲ. ಮತ್ತೆ, ಸಿಡಿಲಿಗೆ ಹೋದ ರೂಟರ್ ಬದಲಾಯಿಸಿದ ಮೇಲೆ ಅದರ ವಿ3 (ಯೂಸರ್, ಪಾಸ್‌ವರ್ಡ್ ಇರುವ ಎಸ್‌ಎನ್‌ಎಂಪಿ ಆವೃತ್ತಿ) ಟ್ರ್ಯಾಪ್ ಒಂದೂ ಬರುವುದಿಲ್ಲ, ಕಾನ್ಫಿಗ್ ಅದೇ ಹಾಕಿದ್ದು.

ಬದಿಯಡ್ಕ_ಪ್ಯಾಕೆಟ್:

ಕೊನೆಯದರಿಂದ ಶುರು ಮಾಡ್ತೇನೆ, ಏಕೆಂದರೆ ನಮ್ಮ ಕಡೆ ಏಪ್ರಿಲ್–ಮೇಯ ಗುಡುಗಿಗೂ ತುಲಾ ತಿಂಗಳ ಗುಡುಗಿಗೂ ಇದು ಎಲ್ಲರಿಗೂ ಬರುವ ತೊಂದರೆ. ಎಸ್‌ಎನ್‌ಎಂಪಿ ವಿ3ಯಲ್ಲಿ ಟ್ರ್ಯಾಪ್ ಕಳಿಸುವ ಸಾಧನದ ಎಂಜಿನ್ ಐಡಿಯೇ (ಎಸ್‌ಎನ್‌ಎಂಪಿಯಲ್ಲಿ ಆ ಸಾಧನದ ಗುರುತು) ಪ್ರಮಾಣ. ಎಸ್‌ಎನ್‌ಎಂಪಿಟ್ರ್ಯಾಪ್‌ಡಿಯ (ಟ್ರ್ಯಾಪ್ ತೆಗೆದುಕೊಳ್ಳುವ ಪ್ರೋಗ್ರಾಂ) ಕಾನ್ಫಿಗಿನಲ್ಲಿ ಯೂಸರ್ ಸೃಷ್ಟಿಸುವಾಗ ಆ ಎಂಜಿನ್ ಐಡಿಯನ್ನೂ ಕೊಟ್ಟಿರ್ತೀರಿ. ಹೆಚ್ಚಿನ ರೂಟರುಗಳು ಅದನ್ನು ಮ್ಯಾಕ್ ವಿಳಾಸದಿಂದ ತಾವೇ ಮಾಡಿಕೊಳ್ತವೆ. ಹೊಸ ಪೆಟ್ಟಿಗೆ, ಹೊಸ ಮ್ಯಾಕ್, ಹೊಸ ಎಂಜಿನ್ ಐಡಿ. ಪಾಸ್‌ವರ್ಡ್ ಅದೇ ಇದ್ದರೂ ಟ್ರ್ಯಾಪ್ ಸದ್ದಿಲ್ಲದೆ ಬೀಳ್ತದೆ. ಎರಡು ದಾರಿ: ರೂಟರಿನಲ್ಲಿ ಎಂಜಿನ್ ಐಡಿಯನ್ನು ಕೈಯಾರೆ ಹಾಕಿ ಅದನ್ನೂ ಕಾನ್ಫಿಗ್ ಬ್ಯಾಕಪ್ಪಿನ ಜೊತೆ ಬರೆದಿಡುವುದು, ಸಿಸ್ಕೋದಲ್ಲಿ ಎಂಜಿನ್ ಐಡಿ ಬದಲಾಯಿಸಿದರೆ ವಿ3 ಯೂಸರುಗಳನ್ನು ಪುನಃ ಹಾಕಬೇಕು, ಏಕೆಂದರೆ ಕೀಗಳು ಆ ಐಡಿಗೆ ಕಟ್ಟಿಕೊಂಡಿರ್ತವೆ. ಇಲ್ಲವೇ ಟ್ರ್ಯಾಪಿನ ಬದಲು ಇನ್‌ಫಾರ್ಮ್ ಬಳಸುವುದು. ಇನ್‌ಫಾರ್ಮ್‌ನಲ್ಲಿ ತೆಗೆದುಕೊಳ್ಳುವ ಕಡೆಯ ಎಂಜಿನ್ ಐಡಿ ಪ್ರಮಾಣ, ಆದ್ದರಿಂದ ಸಾಧನ ಬದಲಾದರೆ ಚಿಂತೆ ಇಲ್ಲ. ಜೊತೆಗೆ ತಲುಪಿದ ಸುದ್ದಿಯೂ ವಾಪಸ್ ಹೋಗ್ತದೆ, ಹೋಗದಿದ್ದರೆ ಸಾಧನ ಪುನಃ ಕಳಿಸ್ತದೆ. ನನ್ನ ಮತ ಇನ್‌ಫಾರ್ಮ್ ಕಡೆಗೆ.

ಎರಡನೆಯದಕ್ಕೆ: ಎಲ್ಲ ರೂಟರಿಗೂ ಲೂಪ್‌ಬ್ಯಾಕ್ ವಿಳಾಸ (ಯಾವ ಲೈನಿಗೂ ಕಟ್ಟಿಕೊಳ್ಳದ್ದು) ಕೊಟ್ಟು, ಟ್ರ್ಯಾಪ್ ಸೋರ್ಸ್ ಅದೇ ಅಂತ ಹಾಕಿ, ಝ್ಯಾಬಿಕ್ಸ್‌ನ ಎಸ್‌ಎನ್‌ಎಂಪಿ ಇಂಟರ್‌ಫೇಸಿನಲ್ಲೂ ಅದೇ ವಿಳಾಸ. 4ಜಿ ಮೂಲಕ ಬರುವಾಗ ಮೊಬೈಲ್ ಕಂಪೆನಿಯ ನ್ಯಾಟ್ (ಮೂಲ ವಿಳಾಸ ಬದಲಾಯಿಸುವ ವ್ಯವಸ್ಥೆ) ನಡುವೆ ಇರ್ತದೆ, ಆದ್ದರಿಂದ ಶಾಖೆಯಿಂದ ಹೊರಡುವ ವಿಪಿಎನ್ ಟನಲ್ ಒಳಗೆ ಕಳಿಸಬೇಕು. ಆಗ ಫೈಬರ್ ಇರಲಿ 4ಜಿ ಇರಲಿ ಮೂಲ ವಿಳಾಸ ಬದಲಾಗುವುದಿಲ್ಲ. ಇದು ಆಗುವವರೆಗೆ ‘ಎಸ್‌ಎನ್‌ಎಂಪಿಟ್ರ್ಯಾಪ್.ಫಾಲ್‌ಬ್ಯಾಕ್’ ಐಟಂ ಒಂದು ಇಡಿ. ಆದರೆ ಅದು ಹೋಸ್ಟ್ ಗುರುತಾಗಿ, ಬೇರೆ ಯಾವ ಐಟಮ್ಮಿಗೂ ಹೊಂದದ ಟ್ರ್ಯಾಪನ್ನು ಮಾತ್ರ ಹಿಡಿಯುವುದು. ವಿಳಾಸವೇ ಗುರುತಾಗದ ಟ್ರ್ಯಾಪ್ ಸರ್ವರ್ ಲಾಗಿಗೆ ಮಾತ್ರ ಹೋಗ್ತದೆ, ಅಲ್ಲಿ ಹುಡುಕಬೇಕು.

ಮೊದಲನೆಯದು ದೊಡ್ಡ ವಿಷಯ. ಕಡಿದ ತಂತಿಯಲ್ಲಿ ಕಡಿದ ಸುದ್ದಿ ಬರುವುದಿಲ್ಲ. ಟ್ರ್ಯಾಪ್ ಯುಡಿಪಿ 162, ಒಂದು ಸಲ ಹೊರಟರೆ ಹೊರಟಿತು. ಆದ್ದರಿಂದ ಲಿಂಕಿನ ಸ್ಥಿತಿಯ ಕೊನೆಯ ತೀರ್ಪು ಮುಖ್ಯ ಕಚೇರಿಯಿಂದ ಮಾಡುವ ಪೋಲಿಂಗ್‌ನದ್ದೇ ಆಗಬೇಕು. 30 ಸೆಕೆಂಡಿಗೊಂದು ಪಿಂಗ್, ಸತತ 3 ಸಲ ಉತ್ತರ ಇಲ್ಲದಿದ್ದರೆ ರೂಟರ್ ಇಲ್ಲ ಅಂತ ಅಲಾರಂ. ಸ್ವಿಚ್‌ಗಳಿಗೆ 3ರ ಬದಲು 5 ಇಡಿ, ರೂಟರಿನ ಟ್ರಿಗರ್ ಮೇಲೆ ಡಿಪೆಂಡೆನ್ಸಿ (ರೂಟರ್ ಹೋಗಿದ್ದರೆ ಸ್ವಿಚ್‌ನ ಅಲಾರಂ ತಡೆಯುವ ಜೋಡಣೆ) ಹಾಕಿ. ರೂಟರ್ 90 ಸೆಕೆಂಡಿಗೆ ಗೊತ್ತಾಗ್ತದೆ, ಸ್ವಿಚ್ 150ಕ್ಕೆ. ಎರಡಕ್ಕೂ ಒಂದೇ ಸಮಯ ಇಟ್ಟರೆ ಸ್ವಿಚ್‌ನ ಅಲಾರಂ ಮೊದಲು ನುಗ್ಗಿ ಡಿಪೆಂಡೆನ್ಸಿ ಇದ್ದೂ ಪ್ರಯೋಜನ ಆಗದೆ ಹೋಗಬಹುದು.

ಇನ್ನೊಂದು ಊರಿನ ವಿಷಯ. ಮಂಜೇಶ್ವರ, ಉಪ್ಪಳ, ಕುಂಬಳೆಯ ಫೈಬರ್ ಹೆದ್ದಾರಿ 66ರ ಬದಿಯಲ್ಲೇ ಬಂದಿದ್ದರೆ, ಮೊಗ್ರಾಲ್ ಹತ್ತಿರ ಒಂದು ಕಡೆ ಅಗೆದರೆ ಮೂರೂ ಒಟ್ಟಿಗೆ ಹೋಗ್ತವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಒಳನಾಡು, ಅವುಗಳ ದಾರಿ ಬೇರೆ. ಸಂದೇಶದಲ್ಲಿ ‘ದಾರಿ’ ಅಂತ ಒಂದು ಫೀಲ್ಡ್ ಇಡಿ, ಶಾಖೆಯ ಪಟ್ಟಿಯಿಂದ ಸೇತುವೆ ಅದನ್ನು ತುಂಬಲಿ. ಟಿಕೆಟ್ ಸಿಸ್ಟಂ ಎರಡು ನಿಮಿಷದೊಳಗೆ ಒಂದೇ ದಾರಿಯ ಎರಡು ಮೂರು ಅಲಾರಂ ಕಂಡರೆ ಒಂದೇ ಟಿಕೆಟ್ ಮಾಡಬಹುದು. ಲೈನ್‌ಮ್ಯಾನಿಗೆ ಮೂರು ದೂರು ಕೊಡುವುದಕ್ಕಿಂತ ಇದು ಎಷ್ಟೋ ಉಪಯುಕ್ತ.

ಶಾಖೆಯಲ್ಲೇ ಒಂದು ಝ್ಯಾಬಿಕ್ಸ್ ಪ್ರಾಕ್ಸಿ (ಮಾಹಿತಿ ಅಲ್ಲೇ ಕೂಡಿಟ್ಟು ಸರ್ವರಿಗೆ ಕಳಿಸುವ ಪ್ರೋಗ್ರಾಂ) ಇಟ್ಟರೆ ಲೈನ್ ಇಲ್ಲದ ಹೊತ್ತಿನ ವಿವರವೂ ಉಳೀತದೆ. ಆಕ್ಟಿವ್ ಮೋಡ್, ಅದೇ ಹೊರಗೆ 10051ಕ್ಕೆ ಹೋಗ್ತದೆ, ಶಾಖೆಯಲ್ಲಿ ಒಳಬರುವ ಪೋರ್ಟ್ ತೆರೆಯಬೇಕಾಗಿಲ್ಲ. ಆಫ್‌ಲೈನ್ ಬಫರ್ ಡೀಫಾಲ್ಟ್ 1 ಗಂಟೆ, 24 ಮಾಡಿ. ಬಫರ್ ಮೋಡ್ ‘ಮೆಮೊರಿ’ ಬೇಡ. ಕರೆಂಟು ಹೋದರೆ ಕೂಡಿಟ್ಟದ್ದೂ ಹೋಗ್ತದೆ. ‘ಡಿಸ್ಕ್’ ಇಡಿ.

ಹೊಸೂರು_ಸಿಸ್ಟಂ:

ಇಷ್ಟೆಲ್ಲ ಮಾಡುವ ಬದಲು ರ‍್ಯಾಬಿಟ್ ಬಿಟ್ಟು ಕಾಫ್ಕಾ ಎಂಬ ಇನ್ನೊಂದು ಬ್ರೋಕರ್ ಯಾಕೆ ಹಾಕಬಾರದು? ಸಾಧನದ ಗುರುತನ್ನೇ ಕೀ ಮಾಡಿದರೆ ಒಂದು ಸಾಧನದ ಸಂದೇಶಗಳೆಲ್ಲ ಒಂದೇ ಪಾರ್ಟಿಷನ್‌ಗೆ ಹೋಗುತ್ತವೆ, ಕ್ರಮ ತಪ್ಪುವುದಿಲ್ಲ. ಮೂರು ಕನ್ಸ್ಯೂಮರ್ ಗ್ರೂಪ್ ಇದ್ದರೆ ಮೂವರಿಗೂ ಪೂರ್ತಿ ಸಿಗುತ್ತದೆ. ಡೀಫಾಲ್ಟ್ ಆಗಿ 7 ದಿನ ಉಳಿಯುತ್ತದೆ, ಬೇಕಾದರೆ ಹಿಂದಿನಿಂದ ಮತ್ತೆ ಓದಬಹುದು. ಟೆಲಿಗ್ರಾಫ್‌ನಲ್ಲಿ (ಅಳತೆಯ ಅಂಕಿ ಸಂಗ್ರಹಿಸುವ ಪ್ರೋಗ್ರಾಂ) ಎಸ್‌ಎನ್‌ಎಂಪಿ ಇನ್‌ಪುಟ್, ಕಾಫ್ಕಾ ಔಟ್‌ಪುಟ್ ಎರಡೂ ಸಿದ್ಧ ಇವೆ. ಆರ್‌ಸಿಸ್‌ಲಾಗ್‌ಗೆ (ಲಾಗ್ ಸಾಗಿಸುವ ಪ್ರೋಗ್ರಾಂ) ಕಾಫ್ಕಾ ಮಾಡ್ಯೂಲ್ ಇದೆ.

ಬದಿಯಡ್ಕ_ಪ್ಯಾಕೆಟ್:

ಅಣ್ಣಾ, ಹೇಳಿದ್ದು ಎಲ್ಲ ಸರಿ, ಆದರೆ ಅದು ಬೇರೆ ಕೆಲಸಕ್ಕೆ. ಇಲ್ಲಿ ಹೋಗಬೇಕಾದದ್ದು ಸ್ಥಿತಿ ಬದಲಾದ ಸುದ್ದಿ ಮಾತ್ರ, ದಿನಕ್ಕೆ ಕೈಬೆರಳೆಣಿಕೆಯಿಂದ ಕೆಲವು ನೂರು. ಪೋರ್ಟ್‌ಗಳ ಟ್ರಾಫಿಕ್ ಅಂಕಿ, ಸಿಪಿಯು ಅಂಕಿ ಬ್ಯಾಂಕಿನ ಮೆಸೇಜಿಂಗ್ ಸಿಸ್ಟಂಗೆ ಹೋಗಲೇಬಾರದು. ಅವು ಝ್ಯಾಬಿಕ್ಸ್‌ನಲ್ಲೇ ಇರಲಿ. ವ್ಯವಹಾರದ ಸಂದೇಶ ಸಾಗುವ ಬ್ರೋಕರ್ ಅಳತೆಯ ಅಂಕಿಗಳ ಭಾರಕ್ಕೆ ನಿಧಾನ ಆಗುವುದು ಯಾವ ಕಾರಣಕ್ಕೂ ಒಪ್ಪುವಂತಹದ್ದಲ್ಲ. ಅದೇ ಕಾರಣಕ್ಕೆ ರ‍್ಯಾಬಿಟ್‌ನಲ್ಲೂ ಅಲಾರಂಗೆ ಪ್ರತ್ಯೇಕ ವಿಹೋಸ್ಟ್ (ಬ್ರೋಕರಿನ ಒಳಗಿನ ಬೇರೆ ವಿಭಾಗ) ಮಾಡಿ, ಅದಕ್ಕೆ ಕನೆಕ್ಷನ್ ಮಿತಿ ಹಾಕಿ. ಹತ್ತಾರು ಸಾವಿರ ಪೋರ್ಟ್‌ಗಳ ಅಂಕಿಯನ್ನು ಹಲವು ತಂಡಗಳು ಓದುವ ಜಾಗವಾದರೆ ಕಾಫ್ಕಾ ಖಂಡಿತ ಸರಿ.

ಟೆಲಿಗ್ರಾಫ್ ಹಾಕುವವರು ಒಂದು ನೆನಪಿಡಿ: ಅದರ ಬಫರ್ ಡೀಫಾಲ್ಟ್ 10,000 ಮೆಟ್ರಿಕ್, ಮೆಮೊರಿಯಲ್ಲಿ. ತುಂಬಿದರೆ ಹಳೆಯದ್ದನ್ನು ಬಿಸಾಡ್ತದೆ, ರೀಸ್ಟಾರ್ಟ್ ಆದರೆ ಎಲ್ಲ ಹೋಯ್ತು. ಅಲಾರಂ ಸಾಗಿಸಲು ಅದನ್ನು ಹಾಗೆಯೇ ನಂಬಬಾರದು. ಆರ್‌ಸಿಸ್‌ಲಾಗ್‌ನಲ್ಲಾದರೆ ಡಿಸ್ಕ್ ಸಹಾಯದ ಕ್ಯೂ ಉಂಟು. ಕ್ಯೂಗೆ ಫೈಲ್ ಹೆಸರು ಕೊಟ್ಟು, ಗರಿಷ್ಠ ಡಿಸ್ಕ್ ಜಾಗ ಹೇಳಿ, ರೆಸ್ಯೂಮ್ ರಿಟ್ರೈ ಕೌಂಟ್ -1 ಮಾಡಿದರೆ ಬ್ರೋಕರ್ ಬರುವವರೆಗೆ ಕಾಯ್ತದೆ.

ಹೊಸೂರು_ಸಿಸ್ಟಂ:

ಒಪ್ಪಿದೆ, ಇದ್ದ ಬ್ರೋಕರ್ ಬಿಟ್ಟು ಹೊಸದನ್ನು ಸಾಕುವಷ್ಟು ಕೆಲಸ ಇಲ್ಲಿಲ್ಲ. ಹಾಗಾದರೆ ಸಂದೇಶದ ಒಳಗೆ ಏನಿರಬೇಕು ಅಂತ ಸ್ವಲ್ಪ ಬರೆಯುತ್ತೇನೆ, ಅದನ್ನು ಯಾರೂ ಮುಟ್ಟಲಿಲ್ಲ.

ಜೇಸನ್, ಯುಟಿಎಫ್-8. ಫೀಲ್ಡ್‌ಗಳು: ಸ್ಕೀಮಾ ಆವೃತ್ತಿ, ಮೆಸೇಜ್ ಐಡಿ, ಶಾಖೆ ಕೋಡ್, ಸಾಧನ ಕೋಡ್, ಭಾಗ, ಸ್ಥಿತಿ, ತೀವ್ರತೆ, ಘಟನೆಯ ಸಮಯ, ಕಳಿಸಿದ ಸಮಯ, ಓದುವ ಮನುಷ್ಯರಿಗೆ ಒಂದು ವಾಕ್ಯ. ಆವೃತ್ತಿ ಮೊದಲ ದಿನದಿಂದಲೇ ಇರಲಿ, ಆಮೇಲೆ ಸೇರಿಸುವುದು ಬಹಳ ಕಷ್ಟ.

ಶಾಖೆಯನ್ನು ಊರ ಹೆಸರಿನಿಂದ ಗುರುತಿಸಬೇಡಿ. ಒಬ್ಬರು ಮಂಜೇಶ್ವರ ಅಂತ, ಇನ್ನೊಬ್ಬರು ಮಂಜೇಶ್ವರಂ ಅಂತ ಬರೆಯುತ್ತಾರೆ, ಬೈಂಡಿಂಗ್ ಹೊಂದುವುದಿಲ್ಲ. ಮೂರಂಕಿಯ ಕೋಡ್ ಇಡಿ, ಹೆಸರನ್ನು ಓದುವ ಪ್ರೋಗ್ರಾಂ ಹಾಕಿಕೊಳ್ಳಲಿ. ರೌಟಿಂಗ್ ಕೀ ಹೀಗಿರಲಿ: ನೆಟ್, ಶಾಖೆ ಕೋಡ್, ಸಾಧನದ ಬಗೆ, ತೀವ್ರತೆಯ ಅಂಕೆ, ನಡುವೆ ಚುಕ್ಕಿ. ಎಸ್‌ಎಂಎಸ್ ಕ್ಯೂ 4 ಮತ್ತು 5ಕ್ಕೆ ಮಾತ್ರ ಬೈಂಡ್ ಮಾಡಿಕೊಳ್ಳುತ್ತದೆ. ಟಿಕೆಟ್ ಮತ್ತು ಡ್ಯಾಶ್‌ಬೋರ್ಡ್ ‘ನೆಟ್.#’ ಹಾಕಿಕೊಂಡರೆ ಎಲ್ಲ ಸಿಗುತ್ತದೆ. ನಕ್ಷತ್ರ ಚಿಹ್ನೆ ಒಂದೇ ಪದಕ್ಕೆ, # ಎಷ್ಟು ಪದಕ್ಕಾದರೂ.

‘ಭಾಗ’ ಎಂದರೆ ಪೋರ್ಟ್. ಇಲ್ಲಿ ಇಂಡೆಕ್ಸ್ ಸಂಖ್ಯೆ ಹಾಕಬೇಡಿ. ರೀಬೂಟ್ ಆದರೆ, ಕಾರ್ಡ್ ಬದಲಾದರೆ ಆ ಸಂಖ್ಯೆ ಬದಲಾಗಬಹುದು. 1.3.6.1.2.1.31.1.1.1.1ರಲ್ಲಿ ಸಿಗುವ ಪೋರ್ಟ್ ಹೆಸರು ಹಾಕಿ. ಪೋರ್ಟಿನ ವಿವರಣೆಯಲ್ಲಿ ಕನ್ನಡ ಅಥವಾ ಮಲಯಾಳಂ ಬರೆದರೆ ನೆಟ್-ಎಸ್‌ಎನ್‌ಎಂಪಿ ಅದನ್ನು ಹೆಕ್ಸ್ ಸಾಲಾಗಿ ಕೊಡಬಹುದು, ಎಸ್‌ಎಂಎಸ್‌ನಲ್ಲೂ ಹಾಗೇ ಹೋಗುತ್ತದೆ. ಸಾಧನದ ಒಳಗೆ ಇಂಗ್ಲಿಷ್ ಅಕ್ಷರದ ಚಿಕ್ಕ ಕೋಡ್ ಸಾಕು.

ಸಮಯ ಯುಟಿಸಿಯಲ್ಲಿ, ಆರ್‌ಎಫ್‌ಸಿ 3339 ರೂಪದಲ್ಲಿ. ಟ್ರ್ಯಾಪ್ ಒಳಗೆ ಗಡಿಯಾರದ ಸಮಯ ಇರುವುದಿಲ್ಲ, ಸಾಧನ ಎದ್ದು ಎಷ್ಟು ಹೊತ್ತಾಯಿತು ಎಂಬುದು ಮಾತ್ರ ಸೆಕೆಂಡಿನ ನೂರನೇ ಭಾಗದಲ್ಲಿ ಇರುತ್ತದೆ, ಅದೂ ಸುಮಾರು 497 ದಿನಕ್ಕೆ ಮತ್ತೆ ಸೊನ್ನೆಯಾಗುತ್ತದೆ. ಹಳೆಯ ರೂಪದ ಸಿಸ್‌ಲಾಗ್‌ನಲ್ಲಿ ಇಸವಿಯೂ ಇಲ್ಲ, ಟೈಂ ಝೋನೂ ಇಲ್ಲ. ಪ್ರಾಕ್ಸಿ ಕೂಡಿಟ್ಟು ತಡವಾಗಿ ಕಳಿಸಿದ್ದು ಬಂದಾಗ ಘಟನೆಯ ಸಮಯ ನೋಡಿಯೇ ಎಸ್‌ಎಂಎಸ್ ಬೇಕೋ ಬೇಡವೋ ತೀರ್ಮಾನಿಸಬೇಕು. ಕ್ಯೂವಿನ ಟಿಟಿಎಲ್ ಇದನ್ನು ಹಿಡಿಯುವುದಿಲ್ಲ, ಅದು ಕ್ಯೂಗೆ ಬಂದ ಮೇಲಿನ ಹೊತ್ತನ್ನು ಮಾತ್ರ ಎಣಿಸುತ್ತದೆ.

ಎಸ್‌ಎಂಎಸ್ ಕನ್ನಡದಲ್ಲೋ ಮಲಯಾಳಂನಲ್ಲೋ ಕಳಿಸುವುದಾದರೆ ಒಂದು ಸಂದೇಶಕ್ಕೆ 70 ಅಕ್ಷರ, ಉದ್ದವಾದರೆ ತುಂಡಿಗೆ 67. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆಗೆ ಬರುತ್ತವೆ. ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪೆನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆ) ನೋಂದಾಯಿಸಿದ ಟೆಂಪ್ಲೇಟ್‌ಗೆ ಒಂದು ಅಕ್ಷರ ತಪ್ಪಿದರೂ ಸಂದೇಶ ತಡೆಯಲ್ಪಡುತ್ತದೆ, ಆದ್ದರಿಂದ ‘ಓದುವ ವಾಕ್ಯ’ವನ್ನು ಹಾಗೇ ಎಸ್‌ಎಂಎಸ್‌ಗೆ ಸುರಿಯಬೇಡಿ. ಕೋಡ್‌ಗಳಿಂದ ಟೆಂಪ್ಲೇಟ್ ತುಂಬುವುದು.

ಟ್ರ್ಯಾಪ್‌ನ ಮೂಲ ರೂಪವನ್ನು ಸಂದೇಶಕ್ಕೆ ಅಂಟಿಸುವ ಅಭ್ಯಾಸ ಬೇಡ. ಎಸ್‌ಎನ್‌ಎಂಪಿ ವಿ2ಸಿ ಆದರೆ ಪಾಸ್‌ವರ್ಡ್‌ನಂತಿರುವ ಕಮ್ಯುನಿಟಿ ಸ್ಟ್ರಿಂಗ್ ಎಲ್ಲರ ಲಾಗ್‌ಗೂ ಹೋಗುತ್ತದೆ.

ಅಕ್ಕಲಕೋಟ_ಕ್ಯೂ:

ಒಂದು ಉಳೀತ್ರಿ. ರ‍್ಯಾಬಿಟ್ ಕೆಟ್ಟರ ಅದರ ಅಲಾರಂ ರ‍್ಯಾಬಿಟ್ ಮೂಲಕನೇ ಹೋಗೂ ಹಂಗ ಇಡಬ್ಯಾಡ್ರಿ. ರ‍್ಯಾಬಿಟ್, ಸೇತುವೆ, ಝ್ಯಾಬಿಕ್ಸ್ ಸರ್ವರ್ ಈ ಮೂರರ ಅಲಾರಂಗೆ ಬ್ಯಾರೆ ಮೀಡಿಯಾ ಟೈಪ್, ನೇರ ಇಮೇಲ್ ಇಲ್ಲಾ ಯುಎಸ್‌ಬಿ ಜಿಎಸ್‌ಎಂ ಮೋಡೆಂ. ಜೊತೀಗೆ ನಿಮಿಷಕ್ಕೊಂದು ಹಾರ್ಟ್‌ಬೀಟ್ ಸಂದೇಶ ವೆಬ್‌ಹುಕ್‌ನಿಂದ ಹಿಡಿದು ಕ್ಯೂ ತನಕ ಪೂರ್ತಿ ದಾರಿ ಹಾಯಲಿ. ಕೊನೀಗೆ ಬ್ಯಾರೆ ಮಷೀನಿನಾಗ ಕೂತ ಒಂದು ಸಣ್ಣ ಸ್ಕ್ರಿಪ್ಟ್ 5 ನಿಮಿಷ ಬರಲಿಲ್ಲಂದ್ರ ಮೋಡೆಂನಿಂದ ಎಸ್‌ಎಂಎಸ್ ಹೊಡೀಲಿ. ಪೋರ್ಟ್ ತೆರೆದದನೋ ಇಲ್ಲೋ ಅಂತ ನೋಡೂದಕ್ಕಿಂತ ಇದು ಭಾಳ ಮೇಲು, ಯಾಕಂದ್ರ ತಡೆಹಿಡಿದ ಬ್ರೋಕರ್‌ನ ಪೋರ್ಟೂ ತೆರೆದೇ ಇರತದ.

ಸೇತುವೆ ಯೂಸರ್‌ಗೆ ಆ ಒಂದು ಎಕ್ಸ್‌ಚೇಂಜ್‌ಗೆ ಬರೆಯೂ ಹಕ್ಕಷ್ಟೇ ಕೊಡ್ರಿ, ಕಾನ್ಫಿಗರ್ ಹಕ್ಕು ಖಾಲಿ. ಕನೆಕ್ಷನ್ 5671, ಟಿಎಲ್‌ಎಸ್.

ಕುಂಬಳೆ_ನೆಟ್:

ಬರೆದಿಟ್ಟುಕೊಂಡೆ. ಮೂರನೇ ನೋಡ್ ಬಂದ ಮೇಲೆ ಕೋರಂಗೆ ಹೋಗ್ತೇನೆ. ಮೂರು ಕ್ಯೂ, ಸೇತುವೆ, ಮತ್ತೆ ಇನ್‌ಫಾರ್ಮ್ ಮೊದಲು. ಪರೀಕ್ಷೆ ಮಾಡುವುದು ಯಾವ ಕ್ರಮದಲ್ಲಿ?

ಬದಿಯಡ್ಕ_ಪ್ಯಾಕೆಟ್:

ಸಾಧನದಿಂದ ಮೇಲಕ್ಕೆ ಬನ್ನಿ. ಒಂದು ಶಾಖೆಯ ಸ್ವಿಚ್ಚಿನಲ್ಲಿ ಖಾಲಿ ಪೋರ್ಟಿಗೆ ಲ್ಯಾಪ್‌ಟಾಪ್ ಚುಚ್ಚಿ ತೆಗೆಯಿರಿ, ಮುಖ್ಯ ಕಚೇರಿಯಲ್ಲಿ ಟಿಸಿಪಿಡಂಪ್‌ನಲ್ಲಿ ಯುಡಿಪಿ 162 ಹಾಕಿ ಪ್ಯಾಕೆಟ್ ಬಂತಾ ನೋಡಿ. ಟ್ರ್ಯಾಪ್ ಗುರುತು ಲಿಂಕ್ ಹೋದರೆ 1.3.6.1.6.3.1.1.5.3, ಬಂದರೆ ಕೊನೆಯ ಅಂಕೆ 4. ಪ್ಯಾಕೆಟ್ ಬಂದು ಟ್ರ್ಯಾಪ್‌ಡಿ ಲಾಗಿನಲ್ಲಿ ಇಲ್ಲದಿದ್ದರೆ ವಿ3 ಯೂಸರ್ ಅಥವಾ ಎಂಜಿನ್ ಐಡಿ. ಲಾಗಿನಲ್ಲಿ ಇದ್ದು ಝ್ಯಾಬಿಕ್ಸ್‌ನಲ್ಲಿ ಇಲ್ಲದಿದ್ದರೆ ಮೂಲ ವಿಳಾಸ.

ಆಮೇಲೆ ರ‍್ಯಾಬಿಟ್‌ಸಿಟಿಎಲ್‌ನ ಸ್ಟಾಪ್ ಆ್ಯಪ್ ಕೊಟ್ಟು ಒಂದು ನೋಡ್ ನಿಲ್ಲಿಸಿ, ಅದೇ ಪೋರ್ಟ್ ಪುನಃ ಚುಚ್ಚಿ ತೆಗೆಯಿರಿ. ಕೋರಂ ಆದ ಮೇಲೆ ಎಲ್ಲ ತಲುಪಬೇಕು. ಮೂರೂ ನೋಡ್ ನಿಲ್ಲಿಸಿ ಹಾಗೇ ಮಾಡಿ; ಸೇತುವೆಯ ಟೇಬಲ್ಲಿನಲ್ಲಿ ಸಾಲುಗಳು ಬೆಳೆಯಬೇಕು, ಅದೇ ಹೊತ್ತಿಗೆ ಸೇತುವೆಯನ್ನು ಕಿಲ್ -9 ಮಾಡಿ ಎಬ್ಬಿಸಿದರೂ ಒಂದೂ ಕಮ್ಮಿ ಆಗಬಾರದು. ಬ್ರೋಕರ್ ಬಂದ ಮೇಲೆ ಟೇಬಲ್ ಖಾಲಿ, ಟಿಕೆಟ್ಟಿನಲ್ಲಿ ಮೆಸೇಜ್ ಐಡಿ ಒಂದೊಂದೇ ಸಲ. ಇದನ್ನು ಬ್ಯಾಂಕಿನ ಕೆಲಸದ ಹೊತ್ತಿನಲ್ಲಿ ಮಾಡಬೇಡಿ, ಉಳಿದ ಸಾಫ್ಟ್‌ವೇರೂ ಅದೇ ಬ್ರೋಕರಿನಲ್ಲಿ ಉಂಟು.

ಕೊನೆಗೆ ಒಂದು ಶಾಖೆಯಲ್ಲಿ ಯುಪಿಎಸ್‌ನ ಕರೆಂಟು ಪ್ಲಗ್ ಹತ್ತು ನಿಮಿಷ ತೆಗೆದಿಡಿ. ಎಸ್‌ಎಂಎಸ್ ಎರಡೇ ಬರಬೇಕು: ಹೋದಾಗ ಒಂದು, ಬಂದಾಗ ಒಂದು.